ರಬ್ಬರ್ ಟ್ರ್ಯಾಕ್ ಗಾಡಿಗೆ ಪ್ಲಾಸ್ಟಿಕ್ ಸ್ಪ್ರಾಕೆಟ್ ತಡೆಯುತ್ತದೆಯೇ?

ಪ್ರಶ್ನೆ: ಅಡಿಕೆ ತೋಟದಲ್ಲಿ ಗೊಬ್ಬರ, ಗೊನೆ ಸಾಗಿಸಲು ರಬ್ಬರ್ ಟ್ರ್ಯಾಕಿನ ಸಣ್ಣ ಗಾಡಿ ಕಟ್ಟುತ್ತಿದ್ದೇನೆ. ಹೇರು ಸೇರಿ 300 ಕೆ.ಜಿ. ಟ್ರ್ಯಾಕಿನ ಒಳಗಿನ ಲಗ್‌ಗಳ (ಹಲ್ಲಿಗೆ ಸಿಗುವ ರಬ್ಬರ್ ಉಬ್ಬುಗಳ) ಅಂತರ 60 ಮಿ.ಮೀ., ಶಾಫ್ಟ್ 25 ಮಿ.ಮೀ. ಈಗಿರುವ ಕಬ್ಬಿಣದ ಸ್ಪ್ರಾಕೆಟ್ (ಟ್ರ್ಯಾಕನ್ನು ಓಡಿಸುವ ಹಲ್ಲುಚಕ್ರ) ಲಗ್‌ಗಳನ್ನು ಕಿತ್ತುಹಾಕುತ್ತಿದೆ, ಕೆಸರೂ ಮೆತ್ತಿಕೊಳ್ಳುತ್ತದೆ. 30 ಮಿ.ಮೀ. ದಪ್ಪದ ನೈಲಾನಿನಲ್ಲಿ 10 ಹಲ್ಲು ಕೊರೆದು, ನಡುವೆ ಕೀವೇ (ಚಕ್ರವನ್ನು ಶಾಫ್ಟಿನ ಜೊತೆ ತಿರುಗಿಸುವ ಉಕ್ಕಿನ ತುಂಡು, ಅಂದರೆ ಕೀ, ಕೂರುವ ಕಚ್ಚು) ತೆಗೆದುಕೊಡುತ್ತೇವೆ ಅನ್ನುತ್ತಾರೆ ಲೇತ್ ಅಂಗಡಿಯವರು. ಮಾಡಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಪ್ಲಾಸ್ಟಿಕ್ ಹಾಕಿಸಿ, ಕೀವೇ ಮಾತ್ರ ಬೇಡ. ಹಲ್ಲು ಮುರಿದೀತೆಂದು ಎಲ್ಲರೂ ಹೆದರುತ್ತಾರೆ. ಮೊದಲು ಕೆಡುವುದು ನಡುವಿನ ತೂತು.

ಲೆಕ್ಕ ಹಾಕಿ ನೋಡಿ. ಏರಿನಲ್ಲಿ ತಿರುಗುವಾಗ ಒಂದೇ ಕಡೆಯ ಟ್ರ್ಯಾಕು ಇಡೀ ಗಾಡಿಯನ್ನು ಎಳೆಯಬೇಕಾಗಿ ಬರುತ್ತದೆ. ಗಾಡಿಯ ತೂಕದಷ್ಟು, ಅಂದರೆ ಸುಮಾರು 3,000 ನ್ಯೂಟನ್ ಎಳೆತ ಎಂದಿಟ್ಟುಕೊಳ್ಳೋಣ. 10 ಹಲ್ಲಿಗೆ ಸುತ್ತಳತೆ 600 ಮಿ.ಮೀ., ವ್ಯಾಸ 191. ಟಾರ್ಕ್ (ತಿರುಗಿಸುವ ಬಲ) ಸುಮಾರು 286 ನ್ಯೂಟನ್ ಮೀಟರ್. ಅಷ್ಟೂ ಕೀ ಮೇಲೆ ಬಿದ್ದರೆ 23,000 ನ್ಯೂಟನ್ ಬಲ. ಅದನ್ನು ತಡೆಯಲು ಪ್ಲಾಸ್ಟಿಕ್ ಬಿಲ್ಲೆಯಲ್ಲಿ, ಅಂದರೆ ಸ್ಪ್ರಾಕೆಟ್ಟಿನಲ್ಲಿ, ಸಿಗುವ ಜಾಗ 30 ಮಿ.ಮೀ. ಉದ್ದ, 3.3 ಮಿ.ಮೀ. ಎತ್ತರ, ಅಷ್ಟೇ. ಚದರ ಮಿಲಿಮೀಟರಿಗೆ 230 ನ್ಯೂಟನ್ ಆಯಿತು. ಒಣಗಿದ ನೈಲಾನ್ ಕೂಡ 80ರ ಆಸುಪಾಸಿನಲ್ಲೇ ಸೋಲುತ್ತದೆ.

ಬದಲಿಗೆ ಶಾಫ್ಟಿಗೆ ಉಕ್ಕಿನ ಹಬ್ (ಚಕ್ರದ ನಡುಭಾಗ) ಕೂರಿಸಿ, ಕೀವೇ ಅದರಲ್ಲಿರಲಿ. ಹಬ್ಬಿನ ಫ್ಲ್ಯಾಂಜಿಗೆ (ಅಗಲವಾದ ಅಂಚಿಗೆ) 110 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ಬೋಲ್ಟ್ ಹಾಕಿ ಬಿಲ್ಲೆಯನ್ನು ಬಿಗಿಯಿರಿ. ಪ್ರತಿ ಬೋಲ್ಟಿಗೂ 14 ಮಿ.ಮೀ. ಹೊರವ್ಯಾಸದ ಉಕ್ಕಿನ ಬುಷ್ (ಸಣ್ಣ ಕೊಳವೆ) ಇರಲಿ. ಆಗ ಅದೇ ಒತ್ತಡ ಚದರ ಮಿಲಿಮೀಟರಿಗೆ 2 ನ್ಯೂಟನ್ನಿಗೆ ಇಳಿಯುತ್ತದೆ. ಬುಷ್ ಇಲ್ಲದೆ ಬಿಗಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಮೆಲ್ಲಗೆ ಅದುಮಿ ತೆಳುವಾಗಿ ಬೋಲ್ಟ್ ಸಡಿಲವಾಗುತ್ತದೆ. ಬುಷ್ ಬಿಲ್ಲೆಗಿಂತ ಕೂದಲೆಳೆಯಷ್ಟು ಗಿಡ್ಡವಿರಬೇಕು, ಹೊರಗಡೆ ಉಕ್ಕಿನ ಪ್ಲೇಟೂ ಬೇಕು.

ನಿಮ್ಮೂರಿನ ಮಳೆಗೆ ನೈಲಾನ್ ನನಗೆ ಒಪ್ಪಿಗೆಯಿಲ್ಲ. ನೀರು ಕುಡಿದು ಉಬ್ಬುತ್ತದೆ, ಅಳತೆ ತಪ್ಪುತ್ತದೆ. ಯುಎಚ್‌ಎಂಡಬ್ಲ್ಯು ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ ನೀರು ಕುಡಿಯುವುದೇ ಇಲ್ಲವೆನ್ನಬಹುದು. ನುಣುಪು, ಕೆಸರು ಹಿಡಿದು ನಿಲ್ಲುವುದು ಕಡಿಮೆ. ಹಿಮದಲ್ಲಿ ಓಡುವ ಸ್ನೋಮೊಬೈಲ್‌ಗಳ ರಬ್ಬರ್ ಟ್ರ್ಯಾಕನ್ನೂ ಪ್ಲಾಸ್ಟಿಕ್ ಸ್ಪ್ರಾಕೆಟ್‌ಗಳೇ ಓಡಿಸುತ್ತವೆ. ಈ ಪಾಲಿಥಿಲೀನ್ ನೈಲಾನಿಗಿಂತ ಮೆದು, ಹಾಗಾಗಿ ಹಬ್ಬಿನ ಮಾತು ಇನ್ನೂ ಮುಖ್ಯ. ಎಚ್‌ಡಿಪಿಇ ಎಂಬ ಸಾಮಾನ್ಯ ಪಾಲಿಥಿಲೀನ್ ಹಲಗೆಯೂ ನೋಡಲು ಹೀಗೇ ಇರುತ್ತದೆ, ಅಂಗಡಿಯ ರಸೀದಿಯಲ್ಲಿ ದರ್ಜೆ ಬರೆಸಿಕೊಳ್ಳಿ.

ಅಳತೆಯಲ್ಲಿ ಒಂದು ಮೋಸವಿದೆ. 191 ಮಿ.ಮೀ. ಎಂಬುದು ರಬ್ಬರಿನೊಳಗಿನ ಹುರಿ ಸುತ್ತುವ ವ್ಯಾಸ, ಬಿಲ್ಲೆಯದ್ದಲ್ಲ. ಹುರಿ ಒಳಮುಖದಿಂದ 5 ಮಿ.ಮೀ. ಮೇಲಿದ್ದರೆ ರಬ್ಬರ್ ಕೂರುವ ವ್ಯಾಸ 181. ಈಗಿನ ಸ್ಪ್ರಾಕೆಟ್ಟಿನಲ್ಲಿ ಈ ವ್ಯತ್ಯಾಸ ಬಿಡದಿದ್ದರೆ, ನಿಮ್ಮ ಲಗ್‌ಗಳು ಕಿತ್ತುಬರಲು ಇದೇ ಕಾರಣವಿದ್ದರೂ ಇರಬಹುದು. 60 ಎಂಬ ಅಂತರವನ್ನೂ ಮತ್ತೊಮ್ಮೆ ನೋಡಿ: ಟ್ರ್ಯಾಕನ್ನು ಬಿಗಿಯಾಗಿ ಎಳೆದು ಹತ್ತು ಅಂತರ ಅಳೆದು ಹತ್ತರಿಂದ ಭಾಗಿಸಿ.

ಹಲ್ಲಿಗೂ ಲಗ್‌ಗೂ ನಡುವೆ ಒಂದೆರಡು ಮಿ.ಮೀ. ಸಡಿಲ ಬಿಡಿ, ಹಲ್ಲಿನ ಬುಡ ಗುಂಡಗಿರಲಿ, ಕೆಸರು ಪಕ್ಕಕ್ಕೆ ಜಾರುವಂತೆ ಅಂಚುಗಳನ್ನು ಇಳಿಜಾರು ಮಾಡಿಸಿ. ದುಬಾರಿ ಹಲಗೆಗೆ ಕೈಹಾಕುವ ಮೊದಲು ಪ್ಲೈವುಡ್ಡಿನಲ್ಲಿ ಒಂದು ಬಿಲ್ಲೆ ಕತ್ತರಿಸಿ, ಟ್ರ್ಯಾಕು ಸುತ್ತಿ ಕೈಯಲ್ಲೇ ತಿರುಗಿಸಿ. ಪೂರ್ತಿ ಒಂದು ಸುತ್ತಿನಲ್ಲಿ ಯಾವ ಲಗ್ಗೂ ಹಲ್ಲಿನ ತುದಿಗೆ ಹತ್ತದಿದ್ದರೆ ಅದೇ ಅಳತೆಯನ್ನು ಲೇತ್ ಅಂಗಡಿಗೆ ಕೊಡಿ.