ಫಸಲಿ 1342ನ್ನು ಓದುವವರು ಯಾರು?

ಯಾದಗಿರಿಯ ಯುವ ವಕೀಲೆಯೊಬ್ಬರು ಬರೆದಿದ್ದಾರೆ: "ವಕೀಲಿ ಮಾಡುವ ಸನದು ಸಿಕ್ಕು ಮೂರು ವರ್ಷವಾಯಿತು. ಮೊದಲು ಸೀನಿಯರ್ ಹೇಳಿದ ದಾವೆ, ಅದಕ್ಕೆ ಎದುರಾಳಿ ಕೊಡುವ ಉತ್ತರವಾದ ಕೈಫಿಯತ್ತು, ನಾನೇ ಬರೆಯುತ್ತಿದ್ದೆ. ಈಗ ಅವರು ಮೊಬೈಲಿನ ಎಐನಿಂದ ಹತ್ತು ನಿಮಿಷಕ್ಕೆ ಬರೆಸಿಕೊಳ್ಳುತ್ತಾರೆ. ನನಗೆ ಉಳಿದದ್ದು ಮುಂದಿನ ತಾರೀಖು ಕೇಳುವ ಕೆಲಸ. ಇದಕ್ಕೆ ಸರ್ಕಾರವೇ ಸಾವಿರಾರು ಕೋಟಿ ಸುರಿಯುತ್ತಿದೆಯಲ್ಲ, ನಮ್ಮ ತೆರಿಗೆಯಿಂದಲೇ ನಮ್ಮ ಅನ್ನಕ್ಕೆ ಕಲ್ಲೇ? ಕಂಪ್ಯೂಟರ್ ಕೋರ್ಸು ಸೇರಲೋ, ವೃತ್ತಿಯನ್ನೇ ಬಿಡಲೋ?"

ತಂಗಿ, ಮೊದಲು ದುಡ್ಡಿನ ಲೆಕ್ಕ ನೋಡೋಣ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್‌ಗೆ ಐದು ವರ್ಷದ ಮೊತ್ತ 10,371.92 ಕೋಟಿ ರೂಪಾಯಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಭಾರಿ ಕಂಪ್ಯೂಟರ್ ಚಿಪ್ಪುಗಳ ವ್ಯವಸ್ಥೆಗೆ. ಕೋರ್ಟುಗಳ ಹಣ ಬೇರೆಯೇ ಇದೆ. ಕೋರ್ಟುಗಳನ್ನು ಕಂಪ್ಯೂಟರೀಕರಿಸುವ ಇ-ಕೋರ್ಟ್ಸ್ ಯೋಜನೆಯ, 2023ರಲ್ಲಿ ಮಂಜೂರಾದ ಮೂರನೇ ಹಂತಕ್ಕೆ 7,210 ಕೋಟಿ; ಅದರೊಳಗೆ ಎಐ, ಬ್ಲಾಕ್‌ಚೈನ್ ಮುಂತಾದವುಗಳಿಗೆ ಇಟ್ಟದ್ದು 53.57 ಕೋಟಿ. ನೂರಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಕೋರ್ಟಿನ ಕಡತಗಳ ಸ್ಕ್ಯಾನಿಂಗ್ ಮತ್ತು ಸಂರಕ್ಷಣೆಗೆ 2,038.40 ಕೋಟಿ. ಹಾಗಾಗಿ ನಿಮ್ಮ ಕೆಲಸ ಕಸಿದದ್ದು ಸರ್ಕಾರದ ಈ ಹಣ ಎಂದು ನಾನು ಹೇಳಲಾರೆ. ಆದರೆ ಆ ಹಣದಿಂದ ನಮ್ಮ ಕಡೆಯ ಕೋರ್ಟುಗಳಿಗೆ ಏನು ಬೇಕು ಎಂದು ಕೇಳಿದವರೂ ನನಗೆ ಕಾಣುತ್ತಿಲ್ಲ. ನನ್ನ ಸಂಕಟ ಅದು.

ಹೋದ ತಿಂಗಳು ನಮ್ಮ ಮನೆತನದ ಪಾಲಿನ ತಕರಾರಿಗಾಗಿ ಹಳೆಯ ಟ್ರಂಕು ತೆಗೆದೆವು. ನಿಜಾಮರ ಕಾಲದ ಒಂದು ಕಾಗದ ಸಿಕ್ಕಿತು. ಉರ್ದು, ಅದೂ ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡ ಶಿಕಸ್ತಾ ಬರಹ. ಫೋಟೋ ತೆಗೆದು ಒಂದು ಎಐಗೆ ಕೊಟ್ಟೆ. ಅರ್ಧ ಸಾಲುಗಳನ್ನು ತಪ್ಪಾಗಿ ಓದಿತು. 1342ನೇ ಇಸವಿಯನ್ನು ಮುಸ್ಲಿಮರ ಹಿಜರಿ ವರ್ಷ ಎಂದು ಹಿಡಿದು, ಕಾಗದ 1923ರದ್ದು ಎಂದಿತು. ಅದು ಫಸಲಿ, ಅಂದರೆ ನಿಜಾಮರ ಕಂದಾಯದ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸಬೇಕು, ಅಂದರೆ 1932. ನಡುವೆ ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲೇ ನಮ್ಮ ಮುತ್ತಜ್ಜ ತೀರಿಕೊಂಡದ್ದು, ಅಣ್ಣತಮ್ಮಂದಿರು ಬೇರೆಯಾದದ್ದು. ಕೊನೆಗೆ ಆ ಕಾಗದವನ್ನು ಓದಿ ಹೇಳಿದವರು ಎಂಬತ್ತು ದಾಟಿದ, ಹಳೆಯ ಉರ್ದು ಬರಹ ಬಲ್ಲ ಒಬ್ಬ ಮುನ್ಶಿಗಳು. ಬೆರಳಿಟ್ಟು ಓದುತ್ತಾ ಹೋದರು, ಫಸಲಿ ವರ್ಷದ ಆಜುರ್ ತಿಂಗಳು ಎಂದರೆ ಯಾವ ಹಂಗಾಮು ಎಂದೂ ಹೇಳಿದರು.

ಕಲಬುರಗಿ, ಬೀದರ, ಯಾದಗಿರಿಯ ಎಷ್ಟೋ ಭೂದಾವೆಗಳ ಬೇರು ಇರುವುದು ಇಂಥ ಕಾಗದಗಳಲ್ಲಿ: ಸೇತ್ವಾರು (ಸರ್ವೆಯ ಮೂಲ ದಾಖಲೆ), ಖಾಸ್ರಾ ಪಹಣಿ (ಯಾರ ಜಮೀನು, ಯಾರ ಸಾಗುವಳಿ ಎಂಬ ದಾಖಲೆ), 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ಬರೆದ ರಕ್ಷಿತ ಗೇಣಿದಾರರ ಪಟ್ಟಿ. ತಹಸೀಲ ಕಚೇರಿಯ ಕಡತಗಳನ್ನು ರಾಜ್ಯ ಸರ್ಕಾರ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿರುವುದು ಒಳ್ಳೆಯದೇ. ಆದರೆ ಫೋಟೋ ತೆಗೆಯುವುದು ಬೇರೆ, ಓದುವುದು ಬೇರೆ. ಈ ಬರಹ ಬಲ್ಲವರನ್ನು ಕೂರಿಸಿ, ಪುಟಪುಟ ಓದಿಸಿ, ಕನ್ನಡದಲ್ಲಿ ಬರೆಯಿಸಿದರೆ ಮಾತ್ರ ಯಂತ್ರವೂ ಮುಂದೆ ಕಲಿತೀತು. ಎಐಗೆಂದು ಇಟ್ಟ ಹಣದಲ್ಲಿ ಮೊದಲ ಪಾಲು ಇದಕ್ಕೆ ಬರಬೇಕು ಎಂದು ನಮ್ಮ ವಕೀಲರ ಸಂಘಗಳು ಪಟ್ಟು ಹಿಡಿಯಬೇಕು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಅದು ತಾನಾಗಿ ಬಂದದ್ದಲ್ಲ, ವರ್ಷಗಟ್ಟಲೆ ಕೇಳಿ ಪಡೆದದ್ದು.

ಇನ್ನು ನಿಮ್ಮ ಕೈಯಿಂದ ಜಾರಿದ ಬರವಣಿಗೆ. ಇದನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಸೀನಿಯರ್ ಕೆಂಪು ಪೆನ್ನಿನಿಂದ ಹೊಡೆದು ಹಾಕಿದ ದಾವೆಯನ್ನು ಮೂರು ಸಲ ತಿದ್ದಿ ಬರೆದೇ ಜೂನಿಯರ್ ವಕೀಲರಾಗುವುದು. ಆ ಮೆಟ್ಟಿಲು ತೆಗೆದರೆ ಇಪ್ಪತ್ತು ವರ್ಷದ ನಂತರ ಪಾಟೀಸವಾಲು ಮಾಡಬಲ್ಲವರು ಎಲ್ಲಿಂದ ಬರಬೇಕು? ಗ್ರಾಮೀಣ ಭಾಗದ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅದು ಸಲಹೆ, ಕಡ್ಡಾಯವಲ್ಲ. ಯಂತ್ರದಿಂದ ಉಳಿದ ಸಮಯ ಸೀನಿಯರ್‌ದಾದರೆ, ಕಲಿಸುವ ಹೊಣೆಯೂ ಅವರದೇ. ಇದನ್ನು ಅವರ ಎದುರು ಕೂತು ಕೇಳಿ, ಸಂಕೋಚ ಬೇಡ.

ಯಂತ್ರ ಬರೆದದ್ದಕ್ಕೂ ಸಹಿ ವಕೀಲರದೇ ಅಲ್ಲವೇ? ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿಯಿಂದ ಪಡೆದು ಕೋರ್ಟಿಗೆ ಕೊಟ್ಟದ್ದಕ್ಕೆ ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಆದ್ದರಿಂದ ಸೀನಿಯರ್ ಬರೆಸಿದ ಪ್ರತಿಯೊಂದು ಉಲ್ಲೇಖವನ್ನೂ ಮೂಲ ತೀರ್ಪಿನೊಂದಿಗೆ ತಾಳೆ ನೋಡುವ ಕೆಲಸವನ್ನು "ನನಗೇ ಕೊಡಿ" ಎನ್ನಿ. ಪಕ್ಷಕಾರರ ಕಾಗದಗಳನ್ನು ಮಾತ್ರ ಕಂಡ ಕಂಡ ಆ್ಯಪಿಗೆ ಹಾಕಬೇಡಿ. ಅವರು ನಂಬಿ ಕೊಟ್ಟದ್ದು ನಿಮ್ಮ ಕೈಗೆ.

ಕಂಪ್ಯೂಟರ್ ಕೋರ್ಸು ಬೇಕಾದರೆ ಸೇರಿ, ತೊಂದರೆಯಿಲ್ಲ. ವೃತ್ತಿ ಬಿಡಬೇಡಿ. ಆ ಮುನ್ಶಿಗಳ ಬಳಿ ನಿಮ್ಮ ಪತ್ರದ ಮಾತು ಎತ್ತಿದೆ. ಭಾನುವಾರ ಬಂದರೆ ಕಲಿಸುತ್ತೇನೆ ಎಂದಿದ್ದಾರೆ, ಹಣ ಬೇಡವಂತೆ. ಯಾದಗಿರಿಯಿಂದ ವಾಡಿ ಮೇಲೆ ಬರುವ ಬೆಳಗಿನ ರೈಲು ಹಿಡಿಯಿರಿ. ನಮ್ಮ ಕಚೇರಿಗೆ ಬಂದರೆ ನಾನೇ ಅವರ ಮನೆಗೆ ಕರೆದೊಯ್ಯುತ್ತೇನೆ. ನಿಮ್ಮ ಸೀನಿಯರ್ ಕಪಾಟಿನಲ್ಲಿ ಯಾರೂ ಓದದೆ ಬಿದ್ದಿರುವ ಉರ್ದು ಕಾಗದವಿದ್ದರೆ, ಅವರ ಒಪ್ಪಿಗೆ ಕೇಳಿ ಒಂದು ಜೆರಾಕ್ಸ್ ತನ್ನಿ.

- ಸಂಪಾದಕ