ಹೃದಯದ ಬೈಪಾಸ್‌ಗೆ ತೆಗೆದ ಕಾಲಿನ ವೇನನ್ನು (ರಕ್ತನಾಳವನ್ನು) ಹೊಲಿಯುವವರೆಗೆ ಸಲೈನ್‌ನಲ್ಲಿಟ್ಟರೆ ಸಾಲದೇ?

ಸಾಲದು. ನೀವು ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಟೆಕ್ನಾಲಜಿ ಓದುತ್ತಿರುವವರು, "ಬೌಲ್‌ನಲ್ಲಿ ಏನು ತುಂಬಬೇಕು, ಯಾಕೆ" ಎಂದೂ ಕೇಳಿದ್ದೀರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಫೀನಸ್ ವೇನ್ (ಕಾಲಿನ ಆ ರಕ್ತನಾಳ) ತೆಗೆದ ಮೇಲೆ ಕೊನೆಯ ಗ್ರಾಫ್ಟ್ (ಹೃದಯಕ್ಕೆ ಜೋಡಿಸುವ ಅದರ ತುಂಡು) ಹೊಲಿಯುವಷ್ಟರಲ್ಲಿ ಒಂದು ಗಂಟೆ ದಾಟುವುದು ಅಪರೂಪವಲ್ಲ. ಅಷ್ಟು ಹೊತ್ತು ನಾವು ಉಳಿಸಬೇಕಾದದ್ದು ಒಳಗಿನ ಒಂದೇ ಸಾಲು ಜೀವಕೋಶಗಳ ಪದರ, ಅಂದರೆ ಎಂಡೋಥೀಲಿಯಂ. ಅದು ಕಿತ್ತುಹೋದ ಕಡೆ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ. ಮೊದಲ ತಿಂಗಳಲ್ಲೇ ಗ್ರಾಫ್ಟ್ ಹೆಪ್ಪುಗಟ್ಟಬಹುದು, ಇಲ್ಲವೇ ಮುಂದೆ ಒಳಗೋಡೆ ದಪ್ಪಗಾಗುತ್ತಾ ಕಿರಿದಾಗಬಹುದು.

0.9% ಸಲೈನ್‌ನ ಪಿಎಚ್ ಸುಮಾರು 5.5, ಅಂದರೆ ಆಮ್ಲೀಯ. ಅದರಲ್ಲಿ ಬಫರ್ (ಪಿಎಚ್ ಏರುಪೇರಾಗದಂತೆ ತಡೆಯುವ ವಸ್ತು) ಇಲ್ಲ, ಕ್ಯಾಲ್ಸಿಯಂ ಇಲ್ಲ, ಗ್ಲೂಕೋಸ್ ಇಲ್ಲ. ಹಾಗಾದರೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ರೋಗಿಯದೇ ರಕ್ತ? ತೆರೆದ ಬೌಲ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಅದು ಕ್ಷಾರೀಯವಾಗುತ್ತದೆ, ಕೆಂಪು ಕಣಗಳು ತಳಕ್ಕಿಳಿದು ಒಡೆಯತೊಡಗುತ್ತವೆ. ಪ್ರಿವೆಂಟ್-4 ಎಂಬ ಅಧ್ಯಯನದಲ್ಲಿ 3,014 ರೋಗಿಗಳಿದ್ದರು. ಅದರ ಮಾಹಿತಿಯನ್ನು 2014ರಲ್ಲಿ ಮತ್ತೆ ವಿಶ್ಲೇಷಿಸಿದಾಗ, ಸಲೈನ್ ಅಥವಾ ರಕ್ತದಲ್ಲಿಟ್ಟ ವೇನ್‌ಗಳಿಗಿಂತ ಬಫರ್ ಇರುವ ದ್ರಾವಣದಲ್ಲಿಟ್ಟವು ಕಡಿಮೆ ವಿಫಲವಾಗಿದ್ದವು. ಯಾರಿಗೆ ಯಾವ ದ್ರಾವಣ ಎಂದು ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಡಿ.

"ಆರ್‌ಎಲ್‌ನಲ್ಲಿ (ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದಲ್ಲಿ) ಲ್ಯಾಕ್ಟೇಟ್ ಇದೆಯಲ್ಲ, ಅದೇ ಬಫರ್" ಎನ್ನುವವರಿದ್ದಾರೆ. ಲ್ಯಾಕ್ಟೇಟ್ ಬೈಕಾರ್ಬನೇಟ್ ಆಗುವುದು ಮುಖ್ಯವಾಗಿ ಯಕೃತ್ತಿನಲ್ಲಿ. ಬೌಲ್‌ಗೆ ಯಕೃತ್ತಿಲ್ಲ! ಆರ್‌ಎಲ್‌ನ ಪಿಎಚ್ 6.5ರ ಸುಮಾರು ಇದ್ದು ಅಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು: ಆರ್‌ಎಲ್‌ಗೆ ಪಾಪವೆರಿನ್ (ರಕ್ತನಾಳ ಸಡಿಲಿಸುವ ಔಷಧ) ಹಾಕಬೇಡಿ, ಅದು ಕಣ ಕಟ್ಟಿ ತಳಕ್ಕಿಳಿಯುತ್ತದೆ.

ಸುಲಭವಾಗಿ ಸಿಗುವ ಔಷಧಗಳಿಂದಲೇ ತಯಾರಿಸಬಹುದಾದದ್ದು ಜಿವಿ ದ್ರಾವಣ (ಗ್ಲಿಸರಿಲ್ ಟ್ರೈನೈಟ್ರೇಟ್, ಅಂದರೆ ನೈಟ್ರೋಗ್ಲಿಸರಿನ್, ಮತ್ತು ವೆರಾಪಮಿಲ್ ಎಂಬ ರಕ್ತನಾಳ ಸಡಿಲಿಸುವ ಔಷಧಗಳ ಹೆಸರಿನಿಂದ): 300 ಮಿಲೀ ರಿಂಗರ್ ದ್ರಾವಣಕ್ಕೆ ವೆರಾಪಮಿಲ್ 5 ಮಿಗ್ರಾಂ, ನೈಟ್ರೋಗ್ಲಿಸರಿನ್ 2.5 ಮಿಗ್ರಾಂ, ಹೆಪಾರಿನ್ 500 ಯೂನಿಟ್, 8.4% ಸೋಡಿಯಂ ಬೈಕಾರ್ಬನೇಟ್ 0.2 ಮಿಲೀ. ಪಿಎಚ್ 7.4ರ ಹತ್ತಿರ, ಅಂದರೆ ರಕ್ತದ ಪಿಎಚ್‌ನ ಹತ್ತಿರ, ಬರುತ್ತದೆ. ಬೈಕಾರ್ಬನೇಟನ್ನು ಕೊನೆಗೆ, ಉಳಿದದ್ದೆಲ್ಲ ಚೆನ್ನಾಗಿ ಬೆರೆತ ಮೇಲೆ ಹಾಕಿ. ವೆರಾಪಮಿಲ್ ಜೊತೆ ಒಂದೇ ಸಿರಿಂಜ್‌ಗೆ ಎಳೆದರೆ ಬಿಳಿ ಕಣ ಕಟ್ಟುತ್ತದೆ. 0.2 ಮಿಲೀ ಅಳೆಯಲು 1 ಮಿಲೀ ಸಿರಿಂಜ್ ಬೇಕು, ಅಂದಾಜು ಬೇಡ. ದ್ರಾವಣ ಮಸುಕಾಗಿ ಕಂಡರೆ ಚೆಲ್ಲಿ. ಯಾವುದನ್ನು ಬಳಸಬೇಕೆಂದು ಹೇಳುವವರು ಸರ್ಜನ್. ನಿಮ್ಮ ಕೆಲಸ ಅಳತೆ ಮತ್ತು ಲೇಬಲ್. ಲೇಬಲ್ ಇಲ್ಲದ ಬೌಲ್ ಟೇಬಲ್ ಮೇಲೆ ಇರಲೇಕೂಡದು, ಪಕ್ಕದಲ್ಲೇ ಆಂಟಿಸೆಪ್ಟಿಕ್ ಬೌಲ್ ಇರುತ್ತದೆ.

ಇಷ್ಟೆಲ್ಲ ಹೇಳಿದರೂ, ನನ್ನ ಮಟ್ಟಿಗೆ ದ್ರಾವಣಕ್ಕಿಂತ ಹೆಚ್ಚು ಹಾಳು ಮಾಡುವುದು ಸಿರಿಂಜ್ ಹಿಡಿದ ಹೆಬ್ಬೆರಳು. ಸೆಡೆತುಕೊಂಡ ವೇನನ್ನು ಹಿಗ್ಗಿಸಲು, ಕವಲುಗಳಲ್ಲಿ ಸೋರಿಕೆ ನೋಡಲು ಒತ್ತುವಾಗ ಒತ್ತಡ 300 ಎಂಎಂ ಎಚ್‌ಜಿ ದಾಟುವುದು ಕೈಗೆ ಗೊತ್ತೇ ಆಗುವುದಿಲ್ಲ. ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ. ಒತ್ತಡ ಮಿತಿಗೊಳಿಸುವ ವಾಲ್ವ್ ಇಲ್ಲದಿದ್ದರೆ ದ್ರಾವಣದ ಬ್ಯಾಗನ್ನು ವೇನ್‌ಗಿಂತ 1.3 ಮೀಟರ್ ಎತ್ತರಕ್ಕೆ ತೂಗುಹಾಕಿ ನಳಿಕೆಯಿಂದ ಬಿಡಬಹುದು. ಅದು 100ರ ಆಸುಪಾಸಿನಲ್ಲಿ ತಾನಾಗಿ ನಿಲ್ಲುತ್ತದೆ. ಸ್ವೀಡನ್‌ನ ಓರೆಬ್ರೋದಲ್ಲಿ ಬೆಳೆದ ನೋ-ಟಚ್ ವಿಧಾನದಲ್ಲಂತೂ ಸುತ್ತಲಿನ ಕೊಬ್ಬಿನ ಸಮೇತ ತೆಗೆದು, ಹಿಗ್ಗಿಸುವುದನ್ನೇ ಬಿಡುತ್ತಾರೆ. ಕಾಲಿನ ಗಾಯದ ತೊಂದರೆ ಸ್ವಲ್ಪ ಹೆಚ್ಚು, ಅದು ಅದರ ಬೆಲೆ.

ವೇನ್ ತಿರುಚದಂತೆ ಗೆರೆ ಎಳೆಯಲು ಚರ್ಮಕ್ಕೆ ಬಳಸುವ ಮಾರ್ಕರ್ ಬೇಡ, ಅದರ ಆಲ್ಕೋಹಾಲ್ ಮತ್ತು ಬಣ್ಣ ಜೀವಕೋಶಕ್ಕೆ ವಿಷ. ಕ್ಯಾನುಲಾ (ದ್ರಾವಣ ಹಾಯಿಸುವ ಸಣ್ಣ ನಳಿಕೆ) ಕಟ್ಟುವುದು ಕಣಕಾಲಿನ ಕಡೆಯ ತುದಿಗೆ: ವೇನಿನ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಆ ತುದಿಯೇ ಮಹಾಪಧಮನಿಗೆ ಹೋಗಬೇಕು. ವೇನ್ ಪೂರ್ತಿ ಮುಳುಗಿರಲಿ, ಐಸ್ ಬೇಡ, ಓಟಿಯ ತಾಪಮಾನ ಸಾಕು. ಮಿಕ್ಕ ತುಂಡನ್ನು ಎದೆ ಮುಚ್ಚುವವರೆಗೆ ಅದೇ ಬೌಲ್‌ನಲ್ಲಿಡಿ, ಗ್ರಾಫ್ಟ್ ಮತ್ತೆ ಹಾಕಬೇಕಾದರೆ ಕಾಲು ಇನ್ನೊಮ್ಮೆ ಕೊಯ್ಯುವುದು ತಪ್ಪುತ್ತದೆ.