ಬಡ ದೇಶಗಳಲ್ಲಿ ಶುದ್ಧ ನೀರು ಪೂರೈಕೆಗೆ ದುಡ್ಡು ಎಲ್ಲಿಂದ ಬರಬೇಕು?

ಮೂಲಗಳು ಮೂರೇ: ಬಳಕೆದಾರರು ಕಟ್ಟುವ ಬಿಲ್, ಸರ್ಕಾರದ ತೆರಿಗೆ ಹಣ, ಹೊರಗಿನ ನೆರವು. ಸಾಲ, ಬಾಂಡ್, ಖಾಸಗಿ ಬಂಡವಾಳ ಇವೆಯಲ್ಲ ಎನ್ನಬಹುದು. ಅವನ್ನೂ ಕೊನೆಗೆ ಈ ಮೂರರಿಂದಲೇ ತೀರಿಸಬೇಕು.

ಪೈಪ್ ಹಾಕಲು, ಶುದ್ಧೀಕರಣ ಘಟಕ ಕಟ್ಟಲು ಹೇಗೋ ಹಣ ಸಿಗುತ್ತದೆ. ಉದ್ಘಾಟನೆ ಎಂದರೆ ಎಲ್ಲರಿಗೂ ಇಷ್ಟ, ಅಲ್ವಾ? ಆಮೇಲಿನ ಕರೆಂಟ್ ಬಿಲ್, ಕ್ಲೋರಿನ್, ಪಂಪ್ ರಿಪೇರಿ, ಸಂಬಳಕ್ಕೆ ಕೊಡುವವರು ಕಡಿಮೆ. ಎಷ್ಟೋ ಯೋಜನೆಗಳು ಕುಸಿಯುವುದು ಇಲ್ಲೇ.

ದರ ಏರಿಸಿದರೆ ಬಡವರಿಗೆ ಕಷ್ಟ ಎಂಬುದು ಅರ್ಧ ನಿಜ. ನಲ್ಲಿಯೇ ಇಲ್ಲದ ಬಡವರು ಟ್ಯಾಂಕರ್ ನೀರಿಗೆ ಎಷ್ಟೋ ಪಟ್ಟು ಜಾಸ್ತಿ ಕೊಡುತ್ತಿರುತ್ತಾರೆ. ಅಗ್ಗದ ದರದ ಲಾಭ ಸಿಗುವುದು ಈಗಾಗಲೇ ನಲ್ಲಿ ಇರುವವರಿಗೆ. ಹಾಗಾಗಿ ಸಬ್ಸಿಡಿ ಮೊದಲು ಹೊಸ ಸಂಪರ್ಕಕ್ಕೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾಂಬೋಡಿಯಾದ ನಾಮ್ ಪೆನ್ ನಗರವನ್ನೇ ನೋಡಿ. 1993ರಲ್ಲಿ ಅಲ್ಲಿ ಸುಮಾರು ಶೇ. 72ರಷ್ಟು ನೀರು ಸೋರಿಕೆಗೆ, ಕಳ್ಳ ಸಂಪರ್ಕಗಳಿಗೆ ಹೋಗಿ, ಅದರಿಂದ ಒಂದು ಕಾಸೂ ಬರುತ್ತಿರಲಿಲ್ಲ. ನಗರದ ನೀರು ಪೂರೈಕೆ ಸಂಸ್ಥೆಯವರು ಹಳೆ ಪೈಪ್ ಬದಲಿಸಿದರು, ಮೀಟರ್ ಹಾಕಿದರು, ದೊಡ್ಡವರಿಂದಲೂ ಬಾಕಿ ವಸೂಲಿ ಮಾಡಿದರು. ಸುಮಾರು ಹದಿನೈದು ವರ್ಷಗಳಲ್ಲಿ ಆ ನಷ್ಟ ಶೇ. 6ರ ಆಸುಪಾಸಿಗೆ ಇಳಿಯಿತು. ವಿದೇಶಿ ನೆರವು, ಸಾಲ ಇತ್ತು, ನಿಜ. ಆದರೆ ಸಂಸ್ಥೆ ಲಾಭಕ್ಕೆ ಬಂದು, 2012ರಲ್ಲಿ ಷೇರು ಮಾರುಕಟ್ಟೆಯನ್ನೂ ಪ್ರವೇಶಿಸಿತು.